ತೊಂಬತ್ತೊಂಬತ್ತೋ ನೂರೋ

ಡೆಜೋ ಸೈಕಲ್ಲಿನ ಕ್ಯಾರಿಯರನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಜಗ್ಗುತ್ತಿದ್ದ. ಸೀಟಿನ ಮೇಲಿದ್ದ ಚರ್ಚಿನ ಹಾಡುಗಾರ ಟೋಬಿಯಾಶ್ ಎಷ್ಟು ತುಳಿದರೂ ಸೈಕಲ್ಲು ಇದ್ದಲ್ಲೇ ಇತ್ತು.

"ಬಿಡಿ ಡೆಜೋ ಮಾವ! ಹನ್ನೊಂದು ಗಂಟೆಗೆ ಪೆಟ್ಟಿಗೆ ಎತ್ತಬೇಕು. ನಾನಿಲ್ದೆ ಶುರು ಮಾಡಕ್ಕಾಗಲ್ಲ."

"ಒಂದೇ ಒಂದು ಮಾತು ಹೇಳು, ಬಿಡ್ತೀನಿ. ಹಾಡಿನಲ್ಲಿ ನನ್ನ ಹೆಸರಿದೆಯೋ ಇಲ್ವೋ?"

"ಇಲ್ದೆ ಇರತ್ತಾ? ಇದೆ."

"ಮೊಣಕಾಲು ಇದೆಯಾ?"

ಟೋಬಿಯಾಶ್ ಆಕಾಶ ನೋಡಿದ. "ಸತ್ತೋರು ನನ್ನ ಹತ್ರ ಹೇಳಿದ್ದು ಗುಂಡಿ ಪಕ್ಕದಲ್ಲೇ ಬಾಯಿಂದ ಬರಬೇಕು. ಅದಕ್ಕೆ ಮುಂಚೆ ಹೇಳೋ ಹಾಗಿಲ್ಲ. ನಿಮಗೆ ಗೊತ್ತಿಲ್ವಾ?"

ಎಂಬತ್ತಮೂರರ ಮುದುಕನಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತೋ. ಹಗ್ಗದ ಕಾರ್ಖಾನೆಯ ಫುಟ್‌ಬಾಲ್ ತಂಡದಲ್ಲಿ ಹದಿನಾಲ್ಕು ವರ್ಷ ಬ್ಯಾಕ್ ಆಡಿದವನು ಅವನು. ಹಿಡಿದದ್ದನ್ನು ಬಿಡುವ ಅಭ್ಯಾಸ ಆಗಲೂ ಇರಲಿಲ್ಲ. ಹಿಂದಿನಿಂದ ಕಪ್ಪು ಕೊಡೆ ಊರಿಕೊಂಡು ಬಂದ ಅವನ ಹೆಂಡತಿ ಪಿರೋಷ್ಕಾ, ಆ ಕೊಡೆಯಿಂದಲೇ ಅವನ ಕೈಗೆ ಮೆತ್ತಗೆ ಒಂದು ಏಟು ಕೊಟ್ಟಳು.

"ನಾಚ್ಕೆ ಆಗಲ್ವಾ ನಿಂಗೆ? ಸ್ನೇಹಿತ ಪೆಟ್ಟಿಗೇಲಿ ಮಲಗಿದಾನೆ, ಇವನಿಗೆ ಮೊಣಕಾಲಿನ ಚಿಂತೆ. ಐವತ್ತೆರಡು ವರ್ಷ ಆಯ್ತು, ಈ ಮೊಣಕಾಲಿಗೆ ಅನ್ನ ಹಾಕಿ ಸಾಕಿದೀನಿ ನಾನು."

ಡೆಜೋ ಕೈ ಸಡಿಲಿಸಿದ. ಟೋಬಿಯಾಶ್ ಇನ್ನೊಂದು ಮಾತಿಗೆ ಅವಕಾಶ ಕೊಡದೆ ಸ್ಮಶಾನದ ಕಡೆ ಹೊರಟೇಬಿಟ್ಟ.

ನಮ್ಮ ತಿಸಾಕೆಂಡೆರ್‌ನಲ್ಲಿ ಸತ್ತವರು ಸುಮ್ಮನೆ ಹೋಗುವುದಿಲ್ಲ. ಚರ್ಚಿನ ಹಾಡುಗಾರ ಗುಂಡಿಯ ಪಕ್ಕದಲ್ಲಿ ನಿಂತು, ಸತ್ತವರ ಪರವಾಗಿ, 'ನಾನು ಹೊರಟೆ' ಎಂದೇ ಹಾಡುತ್ತಾನೆ. ಹೆಂಡತಿ, ಮಕ್ಕಳು, ನೆಂಟರು, ನೆರೆಯವರು ಎಲ್ಲರನ್ನೂ ಹೆಸರು ಹಿಡಿದು ಕರೆದು ಬೀಳ್ಕೊಳ್ಳುತ್ತಾನೆ. ಒಂದು ಹೆಸರು ಬಿಟ್ಟುಹೋದರೆ ಆ ಎರಡು ಮನೆಗಳ ನಡುವೆ ಮಾತು ನಿಂತಿತೆಂದೇ ಲೆಕ್ಕ. ಅದಕ್ಕೇ ಜಾಣರು ಬದುಕಿರುವಾಗಲೇ ಟೋಬಿಯಾಶನನ್ನು ಕರೆಸಿ, ಏನು ಹೇಳಬೇಕೋ ಎಲ್ಲವನ್ನೂ ಬರೆಸಿಡುತ್ತಾರೆ. ಇವತ್ತು ಪೆಟ್ಟಿಗೆಯಲ್ಲಿ ಮಲಗಿದ್ದ ವೆಂಡೆಲ್ ಹಾರ್ಶ್ ಅಂಥ ಜಾಣ. ದೇಶದ ತಂಡಕ್ಕೆ ಮೂವತ್ತೊಂದು ಸಲ ಆಡಿದವನು, ಹೊರದೇಶದ ಗೋಲ್‌ಕೀಪರುಗಳು ಹೆಸರು ಕೇಳಿದರೇ ಬೆವರುತ್ತಿದ್ದ ಮುಂಚೂಣಿ ಆಟಗಾರ, ನಮ್ಮೂರಿನ ಹೆಮ್ಮೆ. ಅವನು ತನ್ನ ಹಾಡನ್ನು ಮೂರು ವಾರದ ಹಿಂದೆಯೇ ಬರೆಸಿ ಮುಗಿಸಿದ್ದ.

*

ಸಾವಿರದ ಒಂಬೈನೂರ ಅರವತ್ತಮೂರರ ಜೂನ್ ತಿಂಗಳು. ಅದು ವೆಂಡೆಲ್‌ನ ಕೊನೆಯ ಆಟ. ಬಲಗಾಲಿನ ಹಿಂಬದಿಯ ನರ ಎರಡು ಸಲ ಹರಿದಿತ್ತು, ವೈದ್ಯರು ಸಾಕು ಎಂದಿದ್ದರು. ಕ್ಲಬ್ಬಿಗಾಗಿ ಅವನು ಹೊಡೆದ ಗೋಲುಗಳು ತೊಂಬತ್ತೊಂಬತ್ತು. ಊರಿಗೆ ಊರೇ ಮೈದಾನದ ಬೇಲಿ ಹತ್ತಿ ಕೂತಿತ್ತು. ಕಾರ್ಖಾನೆಯ ಬ್ಯಾಂಡಿನವರು ತುತ್ತೂರಿಯನ್ನು ತುಟಿಗಿಟ್ಟುಕೊಂಡೇ ಇದ್ದರು. ಅದೇನು ಗ್ರಹಚಾರವೋ, ಎಂಬತ್ತೇಳು ನಿಮಿಷವಾದರೂ ಚೆಂಡು ಒಳಗೆ ಹೋಗಲಿಲ್ಲ. ಒಂದು ಸಲ ಕಂಬಕ್ಕೆ ಬಡಿಯಿತು, ಇನ್ನೊಂದು ಸಲ ರೆಫರಿಯ ಬೆನ್ನಿಗೆ.

ಕೊನೆಗೆ ಒಂದು ಕಾರ್ನರ್ ಸಿಕ್ಕಿತು. ಬ್ಯಾಕ್ ಆಡುವವನು ಎದುರು ಗೋಲಿನ ಹತ್ತಿರ ಹೋಗುವುದು ಆ ಕಾಲದಲ್ಲಿ ಹುಚ್ಚುತನ. ಆದರೂ ಡೆಜೋ ಹೋದ. ಯಾಕೆ ಹೋದೆಯೆಂದು ಆಮೇಲೆ ಕೇಳಿದಾಗ, "ಅವನಿಗೆ ಅಡ್ಡ ಬರೋರನ್ನ ತಳ್ಳಕ್ಕೆ" ಎಂದಿದ್ದ. ಚೆಂಡು ನಾಲ್ಕಾರು ತಲೆಗಳ ಮೇಲೆ ಕುಣಿದು ಎಡಗಡೆ ಬಿತ್ತು. ವೆಂಡೆಲ್ ಇದ್ದ ಶಕ್ತಿಯನ್ನೆಲ್ಲ ಹಾಕಿ ಒದ್ದ. ಡೆಜೋ ದೂರದ ಕಂಬದ ಬಳಿ ಕೆಸರಿನಲ್ಲಿ ಒಂದು ಕಾಲೂರಿ ಏಳುತ್ತಿದ್ದ. ಮೊಣಕಾಲಿಗೆ ಏನೋ ರಪ್ಪೆಂದು ಬಡಿಯಿತು. ಕಣ್ಣು ಬಿಡುವುದರೊಳಗೆ ಚೆಂಡು ಬಲೆಯೊಳಗಿತ್ತು, ಬ್ಯಾಂಡು ಬಾರಿಸತೊಡಗಿತ್ತು, ಜನ ವೆಂಡೆಲ್‌ನ ಕಡೆ ಓಡತೊಡಗಿದ್ದರು. ಮೊದಲು ತಲುಪಿ ಅವನನ್ನು ಹೆಗಲ ಮೇಲೆ ಹೊತ್ತವನು ಡೆಜೋನೇ.

ಸಂಜೆ ಬಿಯರು ಕುಡಿಯುವಾಗಲಷ್ಟೇ ಅವನಿಗೆ ಹೊಳೆಯಿತು.

"ವೆಂಡೆಲ್, ಆ ಚೆಂಡು ಹೊರಗಡೆ ಹೋಗ್ತಿತ್ತು ಕಣೋ. ನನ್ನ ಮೊಣಕಾಲಿಗೆ ಬಡಿದು ಒಳಗೆ ಹೋಯ್ತು."

ಇಡೀ ಹೋಟೆಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ವೆಂಡೆಲ್ ಇನ್ನೊಂದು ಲೋಟ ತರಿಸಿ ಅವನ ಮುಂದಿಟ್ಟ. "ಕುಡಿ, ಎಲ್ಲಾ ಸರಿಹೋಗತ್ತೆ" ಎಂದ.

ಡೆಜೋ ಆಡಿದ ಆಟಗಳು ಮುನ್ನೂರಕ್ಕೂ ಮೇಲೆ. ಕ್ಲಬ್ಬಿನ ಗೋಡೆಯ ಹಲಗೆಯಲ್ಲಿ ಅವನ ಹೆಸರಿನ ಮುಂದೆ, ಗೋಲುಗಳ ಅಂಕಣದಲ್ಲಿ, ಅಂದೂ ಸೊನ್ನೆ, ಇಂದೂ ಸೊನ್ನೆ. ಆ ಸೊನ್ನೆ ಒಂದಾಗಬೇಕು ಎನ್ನುವುದು ಅವನ ಬಾಳಿನ ಒಂದೇ ಆಸೆ. ಉಳಿದದ್ದೆಲ್ಲ ಅವನಿಗೆ ಸಿಕ್ಕಿತ್ತು.

*

ಸ್ಮಶಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೆಪ್ಟೆಂಬರಿನ ಬಿಸಿಲು, ಕಪ್ಪು ಕೋಟಿನೊಳಗೆ ಎಲ್ಲರೂ ಬೇಯುತ್ತಿದ್ದರು. ಗುಂಡಿಯ ತಲೆಯ ಕಡೆ ನೆಡಲು ಓಕ್ ಮರದ ಕಂಬವೊಂದು ಸಿದ್ಧವಾಗಿ ಒರಗಿತ್ತು. ಅದರ ಮೇಲೆ ಹೆಸರು, ಕೆಳಗೆ ದೊಡ್ಡದಾಗಿ '೧೦೦' ಕೆತ್ತಿದ್ದರು. ಕೆತ್ತಿಸಿದವನು ಕಾಲ್ಮಾನ್. 'ನೂರನೇ ಗೋಲು' ಎಂಬ ಹೆಸರಿನ ಹೋಟೆಲು ಅವನದೇ.

ರಾಜಧಾನಿಯ ಫುಟ್‌ಬಾಲ್ ಕಚೇರಿಯಿಂದ ಗೆಲ್ಲೆರ್ತ್ ಎಂಬ ತೆಳ್ಳನೆಯ ಮನುಷ್ಯ ಬಂದಿದ್ದ. ಹಳೆಯ ಆಟಗಳ ದಾಖಲೆ ಇಡುವುದು ಅವನ ಕೆಲಸ. ಅವನು ಭಾಷಣದಲ್ಲಿ ವೆಂಡೆಲ್ ಹೊಡೆದ ಗೋಲುಗಳಲ್ಲಿ ಎಡಗಾಲಿನವು ಎಷ್ಟು, ಬಲಗಾಲಿನವು ಎಷ್ಟು, ತಲೆಯವು ಎಷ್ಟು ಎಂದೆಲ್ಲ ಹೇಳಿದ.

"ತಲೇಲಿ ಏಳೇನಾ?" ಕಾಲ್ಮಾನ್ ಪಿಸುಗುಟ್ಟಿದ. "ಅಷ್ಟು ದೊಡ್ಡ ತಲೆ ಇಟ್ಕೊಂಡು?"

"ಕೂದಲು ಕೆಡತ್ತೆ ಅಂತ ಹೊಡೀತಿರಲಿಲ್ಲ," ಎಂದಳು ವೆಂಡೆಲ್‌ನ ಹೆಂಡತಿ ಇಲ್ಕಾ, ಮುಂದಿನ ಸಾಲಿನಿಂದ, ತಲೆ ತಿರುಗಿಸದೆ. "ಮದುವೆ ದಿನಾನೂ ನನಗಿಂತ ಹೆಚ್ಚು ಹೊತ್ತು ಕನ್ನಡಿ ಮುಂದೆ ಇದ್ದ."

ಸುತ್ತಲಿದ್ದವರು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡರು. ಅವಳು ಬೆಳಗಿನಿಂದ ಎರಡು ಸಲ ಅತ್ತಿದ್ದಳು, ನಾಲ್ಕು ಸಲ ನಗಿಸಿದ್ದಳು.

ಗೆಲ್ಲೆರ್ತ್ ಕೊನೆಯಲ್ಲಿ ಹೇಳಿದ: "ಐವತ್ತಾರರಲ್ಲಿ ಹೊರದೇಶದ ದೊಡ್ಡ ದೊಡ್ಡ ಕ್ಲಬ್ಬುಗಳು ಕರೆದರೂ ಅವರು ತಾಯ್ನಾಡಿಗೆ ಮರಳಿದರು. ಅದು ದೇಶಪ್ರೇಮ."

ಡೆಜೋ ಕೆಳಗೆ ನೋಡಿ ಮೀಸೆಯಲ್ಲೇ ನಕ್ಕ. ನಿಜ ಸಂಗತಿ ಅವನಿಗೆ ಗೊತ್ತಿತ್ತು.

*

ಐವತ್ತಾರರ ಚಳಿಗಾಲದಲ್ಲಿ ಹೊರಗೆ ಆಡಲು ಹೋಗಿದ್ದ ದೇಶದ ತಂಡ ವಿಯೆನ್ನಾದಲ್ಲಿ ಸಿಕ್ಕಿಹಾಕಿಕೊಂಡಿತ್ತು. ದೇಶದಲ್ಲಿ ದಂಗೆ, ಗಡಿಯಲ್ಲಿ ಟ್ಯಾಂಕುಗಳು. ಆಟಗಾರರು ಒಬ್ಬೊಬ್ಬರಾಗಿ ಅಲ್ಲೇ ಉಳಿದರು. ವೆಂಡೆಲ್‌ಗೂ ಮನೆ, ಕಾರು, ಮೂರು ವರ್ಷದ ಕರಾರು ಎಲ್ಲವನ್ನೂ ತಟ್ಟೆಯಲ್ಲಿಟ್ಟು ತಂದಿದ್ದರು. ಅವನು ಒಂದು ದಿನ ಯೋಚಿಸಿ, ಜನವರಿಯ ಒಂದು ಬೆಳಿಗ್ಗೆ ಊರಿನ ಸ್ಟೇಷನ್ನಿನಲ್ಲಿ ಇಳಿದ. ಸಾಮಾನು ಹೊರಲು ಹೋಗಿದ್ದ ಡೆಜೋ ಅವನನ್ನು ಬಾಯಿಗೆ ಬಂದಂತೆ ಬೈದ.

"ತಲೆ ಕೆಟ್ಟಿದೆಯೇನೋ ನಿಂಗೆ? ಯಾಕೆ ಬಂದೆ?"

"ಅಲ್ಲಿ ಒಂದು ಆಟ ಆಡಿ ನೋಡ್ದೆ ಕಣೋ. ಹಿಂದಿನಿಂದ ಬರೋ ಚೆಂಡು ನನ್ನ ಬೆನ್ನ ಹಿಂದೆ ಬೀಳ್ತಿತ್ತು. ನೀನು ಕೊಟ್ಟ ಹಾಗೆ ಕಾಲಿನ ಮುಂದೆ ಬೀಳ್ತಿರಲಿಲ್ಲ."

"ಅಷ್ಟಕ್ಕೇನಾ?"

"ಅಷ್ಟಕ್ಕೇ. ಜತೆಗೆ ಅವರ ಸಾರಲ್ಲಿ ಖಾರ ಇಲ್ಲ."

ಇಬ್ಬರೂ ಹಗ್ಗದ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಹುಟ್ಟಿದವರು. ಸೆಣಬಿನ ಚಿಂದಿಯನ್ನು ಕಾಲುಚೀಲಕ್ಕೆ ತುರುಕಿ ಆಡಿದ ಮೊದಲ ಚೆಂಡಿನಿಂದಲೂ ಒಬ್ಬ ಹಿಂದೆ, ಒಬ್ಬ ಮುಂದೆ. ಡೆಜೋ ಕೊಡುವುದು, ವೆಂಡೆಲ್ ಹೊಡೆಯುವುದು. ಪತ್ರಿಕೆಗಳಲ್ಲಿ ಒಬ್ಬನ ಚಿತ್ರ ಬರುತ್ತಿತ್ತು, ಇನ್ನೊಬ್ಬ ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದ. ಆಟ ಬಿಟ್ಟ ಮೇಲೆ ವೆಂಡೆಲ್ ಅದೇ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಗೋಲಿನ ಬಲೆ ಹೆಣೆದ. ಬಲೆ ಹರಿಯುತ್ತಿದ್ದವನೇ ಈಗ ಬಲೆ ಹೆಣೆಯುತ್ತಾನೆ ಎಂದು ಜನ ಕಿಚಾಯಿಸಿದರೆ, "ನನ್ನಂಥೋನು ಇನ್ನೊಬ್ಬ ಹುಟ್ಟಿದ್ರೆ ಗಟ್ಟಿ ಬಲೆ ಬೇಕಲ್ಲ" ಎನ್ನುತ್ತಿದ್ದ. ಜಂಭ ಅವನಿಗೆ ಚೆನ್ನಾಗಿ ಒಪ್ಪುತ್ತಿತ್ತು.

*

ಪ್ರತಿ ಬುಧವಾರ ಇಬ್ಬರೂ ಊರಿನ ಬಿಸಿನೀರಿನ ಬುಗ್ಗೆಗೆ ಹೋಗುತ್ತಿದ್ದರು. ಕುತ್ತಿಗೆಯವರೆಗೂ ನೀರಿನಲ್ಲಿ ಕೂತು, ತೇಲುವ ಹಲಗೆಯ ಮೇಲೆ ಚದುರಂಗ ಹೂಡುವುದು. ಹತ್ತು ನಡೆಯ ಮೇಲೆ ಮಾತು ಮೊಣಕಾಲಿಗೆ ಬಂದೇ ಬರುತ್ತಿತ್ತು.

"ಒಪ್ಕೋ."

"ಒಪ್ಪಲ್ಲ."

"ದೇವರಾಣೆ ಹಾಕಿ ಹೇಳು, ಚೆಂಡು ಹೊರಗೆ ಹೋಗ್ತಿರಲಿಲ್ವಾ?"

"ದೇವರು ಆವತ್ತು ಆಟಕ್ಕೆ ಬಂದಿರಲಿಲ್ಲ. ನಿನ್ನ ಕುದುರೆ ನೋಡ್ಕೋ, ಹೋಗ್ತಾ ಇದೆ."

ಜುಲೈ ಕೊನೆಯ ಬುಧವಾರ ವೆಂಡೆಲ್ ಮೆಟ್ಟಿಲಿಳಿಯಲು ತುಂಬ ಹೊತ್ತು ತೆಗೆದುಕೊಂಡ. ನೀರಿಗಿಳಿದ ಮೇಲೂ ತುಟಿ ನೀಲಿಯಾಗೇ ಇತ್ತು. ಡೆಜೋಗೆ ಆ ದಿನ ಜಗಳವಾಡಲು ಮನಸ್ಸು ಬರಲಿಲ್ಲ. ವೆಂಡೆಲ್‌ನೇ ಕೆಣಕಿದ.

"ಯಾಕೋ, ಮೊಣಕಾಲು ಮರ್ತು ಹೋಯ್ತಾ?"

"ಬಿಡೋ ಅದನ್ನ."

"ಬಿಡ್ಬೇಡ ಕಣೋ. ಕೇಳು. ಸತ್ತ ಮೇಲೆ ಹೇಳ್ತೀನಿ."

"ಸತ್ತ ಮೇಲೆ ಏನು ಬಾಯಿರತ್ತೆ ನಿಂಗೆ?"

"ಟೋಬಿಯಾಶ್ ಬಾಯಿದೆಯಲ್ಲ. ನನ್ನದಕ್ಕಿಂತ ದೊಡ್ಡದು."

ಏನು ಹೇಳುತ್ತೇನೆ ಎಂಬುದನ್ನು ಮಾತ್ರ ಹೇಳಲಿಲ್ಲ. ಡೆಜೋ ಆ ರಾತ್ರಿಯಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

*

ಟೋಬಿಯಾಶ್ ಗಂಟಲು ಸರಿಮಾಡಿಕೊಂಡು ಹಾಳೆ ಬಿಡಿಸಿದ. ಅವನ ದನಿ ಗುಂಡಿಯೊಳಗಿಂದಲೇ ಬಂದಂತೆ ಆಳವಾಗಿತ್ತು.

*ಹೊರಟೆ ನಾನು ಇಲ್ಕಾ, ನನ್ನ ಮನೆಯ ಬೆಳಕೇ,*
*ಬೂಟಿನ ಕೆಸರು ತೊಳೆದು ಸಾಕಾಯಿತೇ ಬದುಕೇ?*

"ಸಾಕಾಗಿರಲಿಲ್ಲ," ಎಂದಳು ಇಲ್ಕಾ ಗಟ್ಟಿಯಾಗಿ. ಮೂರನೆಯ ಸಲ ಅತ್ತಳು.

ಆಮೇಲೆ ಹಾಡಿನಲ್ಲಿ ಮಗಳು, ಅಳಿಯ, ಮೊಮ್ಮಕ್ಕಳು ಬಂದರು. ಕಾರ್ಖಾನೆಯ ಗೆಳೆಯರು ಬಂದರು. ಕಾಲ್ಮಾನ್‌ಗೆ ಬಿಯರಿಗೆ ನೀರು ಬೆರೆಸಬಾರದೆಂಬ ಬುದ್ಧಿಮಾತು ಬಂತು. ಅವನು ಕೆಂಪಗಾದ. ಐವತ್ತೊಂಬತ್ತರಲ್ಲಿ ಪೆನಾಲ್ಟಿ ಕೊಡದ ರೆಫರಿಗೂ ಕ್ಷಮೆ ಸಿಕ್ಕಿತು. ಪಕ್ಕದ ಮನೆಯ ನಾಯಿಗೂ ಒಂದು ಸಾಲು ಸಿಕ್ಕಿತು. ಡೆಜೋ ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನಿಂತಿದ್ದ. ಪಿರೋಷ್ಕಾ ಕೊಡೆಯನ್ನು ಎಡಗೈಗೆ ಬದಲಿಸಿ ಬಲಗೈಯಿಂದ ಅವನ ತೋಳು ಹಿಡಿದುಕೊಂಡಳು.

ಟೋಬಿಯಾಶ್ ಹಾಳೆ ಮಗುಚಿದ. ಒಂದು ಸಲ ತಲೆಯೆತ್ತಿ ಡೆಜೋನನ್ನೇ ನೋಡಿ ಹಾಡಿದ.

*ಡೆಜೋ, ನನ್ನ ಗೆಳೆಯ, ಕೇಳು ಕೊನೆಯ ಮಾತು,*
*ಬಿಸಿನೀರಿನ ಜಗಳ ಇಂದಿಗೆ ಮುಗಿದು ಹೋಯಿತು.*
*ಒದ್ದವನೇನೋ ನಾನೇ, ಹೊರಗೆ ಹೊರಟಿತ್ತು ಚೆಂಡು,*
*ಒಳಗೆ ತಿರುಗಿತು ನಿನ್ನ ಮೊಣಕಾಲನ್ನು ಕಂಡು.*

ಜನರೊಳಗೆ ಮೊದಲು ಗುಸುಗುಸು, ಆಮೇಲೆ ಗದ್ದಲ. ಹಿಂದಿನ ಸಾಲಿನಿಂದ ಯಾರೋ ಚಪ್ಪಾಳೆ ತಟ್ಟಿಬಿಟ್ಟರು. ಗುಂಡಿ ತೋಡುವವರು ಹಗ್ಗ ಹಿಡಿದುಕೊಂಡೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡೆಜೋಗೆ ಮೈಯೆಲ್ಲ ಹಗುರವಾಯಿತು. ಐವತ್ತೆರಡು ವರ್ಷ ಊರೆಲ್ಲ ನಕ್ಕಿದ್ದ ಮಾತು ನಿಜವೆಂದು ಊರವರ ಮುಂದೆಯೇ ಸಾಬೀತಾಗಿತ್ತು. ಅಷ್ಟು ಸಂತೋಷ ಅವನಿಗೆ ಬಹಳ ಕಾಲದಿಂದ ಆಗಿರಲಿಲ್ಲ. ಅದನ್ನು ಹೇಳಿಕೊಳ್ಳಲು ವೆಂಡೆಲ್‌ನ ಕಡೆ ತಿರುಗಿದ. ಆಗ ಪೆಟ್ಟಿಗೆ ಕಂಡಿತು, ಅಳು ಬಂತು.

*

ಮಣ್ಣು ಮಾಡಿ ಬಂದ ಮೇಲಿನ ಊಟ ಕ್ಲಬ್ಬಿನ ಅಂಗಳದಲ್ಲಿ, ಮೈದಾನದ ಪಕ್ಕದಲ್ಲೇ. ಮೂರು ದೊಡ್ಡ ಕಡಾಯಿಗಳಲ್ಲಿ ಕೆಂಪು ಮೆಣಸಿನ ಮೀನುಸಾರು ಕುದಿಯುತ್ತಿತ್ತು. ಪ್ಲಮ್ಮಿನ ಸಾರಾಯಿ ಎರಡು ಸುತ್ತು ಬಂದಾಗಿತ್ತು. ಜನ ಡೆಜೋನ ಬೆನ್ನು ತಟ್ಟಿ ತಟ್ಟಿ ಅವನ ಕೋಟು ಮುದುಡಿಹೋಗಿತ್ತು.

ಗೆಲ್ಲೆರ್ತ್ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಒಂದು ಹಾಳೆಯನ್ನು ಡೆಜೋನ ಮುಂದಿಟ್ಟ.

"ಅಭಿನಂದನೆ ಸಾರ್. ಗೋಲು ಹೊಡೆದವರೇ ಅದು ನನ್ನದಲ್ಲ ಅಂತ ಹೇಳಿದಾರೆ, ನೂರಾರು ಜನ ಸಾಕ್ಷಿ. ಚೆಂಡು ಹೊರಗೆ ಹೋಗ್ತಿತ್ತು ಅಂತ ತಾವೂ ಒಂದು ಸಹಿ ಹಾಕಿದ್ರೆ ದಾಖಲೆ ತಿದ್ದಿಬಿಡ್ತೀನಿ. ತಮ್ಮದು ಒಂದು, ಅವರದು ತೊಂಬತ್ತೊಂಬತ್ತು."

"ಅವನದು ತೊಂಬತ್ತೊಂಬತ್ತಾ?"

"ಹೌದಲ್ವಾ ಸಾರ್? ಒಂದು ಕಳೆದ್ರೆ ಅಷ್ಟೇ. ನಮ್ಮಲ್ಲಿ ನೂರು ಹೊಡೆದವರ ಪಟ್ಟಿ ಅಂತ ಒಂದಿದೆ. ಅದರಿಂದ ಹೆಸರು ತೆಗೀಬೇಕಾಗತ್ತೆ, ಬೇಜಾರಿನ ವಿಷಯ. ಆದ್ರೆ ನಿಜ ನಿಜವೇ."

ಕಾಲ್ಮಾನ್‌ನ ಕೈಯಿಂದ ಸೌಟು ಕಡಾಯಿಗೆ ಬಿತ್ತು. "ಕಂಬದ ಮೇಲೆ ಕೆತ್ತಿಸಿಬಿಟ್ಟಿದೀನಲ್ರೀ! ನನ್ನ ಹೋಟೆಲಿಗೆ ಏನಂತ ಹೆಸರಿಡ್ಲಿ? 'ನೂರಕ್ಕೆ ಒಂದು ಕಮ್ಮಿ' ಅಂತಲಾ?"

ಎಲ್ಲರೂ ನಕ್ಕರು. ಡೆಜೋ ನಗಲಿಲ್ಲ. ಇಷ್ಟು ವರ್ಷವೂ ಅವನು ತನ್ನ ಸೊನ್ನೆಯನ್ನೇ ನೋಡಿದ್ದ. ಅದು ಒಂದಾದರೆ ಇನ್ನೊಂದು ಕಡೆ ಏನಾಗುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಇಲ್ಕಾ ಬಂದು ಅವನ ಪಕ್ಕದಲ್ಲಿ ಕೂತಳು.

"ಹಾಕು ಸಹಿ. ನಿಂದು ನೀನು ತಗೋ. ಅವನಿಗೆ ಮೊದಲಿಂದ್ಲೂ ಗೊತ್ತಿತ್ತು."

"ಮೊದಲಿಂದ್ಲೂನಾ? ಹಾಗಾದ್ರೆ ಯಾಕೆ ಒಪ್ಕೊಳ್ಳಲಿಲ್ಲ, ಕಳ್ಳ!"

"ನಾನೂ ಕೇಳಿದೆ. 'ಒಪ್ಕೊಂಡ್ರೆ ಬುಧವಾರ ಜಗಳಕ್ಕೆ ಯಾರೇ ಬರ್ತಾರೆ?' ಅಂದ."

ಡೆಜೋ ಸಾರಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡ. ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಒಂದೊಂದಾಗಿ ಜೋಡಿಸಿದ. ಆಮೇಲೆ ಗೆಲ್ಲೆರ್ತ್‌ನ ಕಡೆ ತಿರುಗಿದ.

"ಏನ್ರೀ, ಚೆಂಡು ನೇರ ಗೋಲಿಗೇ ಹೋಗ್ತಿದ್ದು, ಮೊಣಕಾಲಿಗೆ ಸುಮ್ನೆ ಸವರಿಕೊಂಡು ಹೋಗಿದ್ರೆ?"

"ಆಗ ಒದ್ದವರದ್ದೇ ಸಾರ್. ಹೊರಗೆ ಹೋಗ್ತಿದ್ದದ್ದು ಒಳಗೆ ತಿರುಗಿದ್ರೆ ಮಾತ್ರ ತಮ್ಮದು."

"ನನಗ್ಯಾಕೋ ಈಗ ಅನುಮಾನ ಬರ್ತಿದೆ. ವಯಸ್ಸಾಯ್ತು ನೋಡಿ. ಬನ್ನಿ, ಒಂದು ಸಲ ಅಳೆದು ನೋಡೇಬಿಡೋಣ."

"ಐವತ್ತೆರಡು ವರ್ಷ ಇಲ್ದೇ ಇರೋ ಅನುಮಾನ!" ಎಂದಳು ಪಿರೋಷ್ಕಾ. ಆದರೂ ಎದ್ದು ಅವನಿಗೆ ಕೈ ಕೊಟ್ಟಳು.

ಕಪ್ಪು ಬಟ್ಟೆಯ ಇಡೀ ಗುಂಪು ಮೈದಾನಕ್ಕೆ ಇಳಿಯಿತು. ಡೆಜೋ ದೂರದ ಕಂಬದ ಹತ್ತಿರ ಹೋಗಿ, ಹಿಂದೆ ಮುಂದೆ ಸರಿದು, ತನ್ನ ಜಾಗ ಹುಡುಕಿಕೊಂಡ. ಆಧಾರಕ್ಕೆ ಟೋಬಿಯಾಶ್ ಪಕ್ಕದಲ್ಲಿ ನಿಂತ. ಕಾಲ್ಮಾನ್ ಎಡಗಡೆ ವೆಂಡೆಲ್ ಒದ್ದಿದ್ದ ಜಾಗದಲ್ಲಿ ಚೆಂಡು ಇಟ್ಟ, ಆಮೇಲೆ ಯಾರು ಒದೆಯಬೇಕೆಂದು ತಿಳಿಯದೆ ಸುತ್ತ ನೋಡಿದ. ಒಬ್ಬರೂ ಮುಂದೆ ಬರಲಿಲ್ಲ. ವೆಂಡೆಲ್‌ನ ಚೆಂಡನ್ನು ಒದೆಯುವುದೆಂದರೆ ಸುಮ್ಮನೆಯೇ?

"ಸರೀರಿ ಪಕ್ಕಕ್ಕೆ," ಎಂದಳು ಇಲ್ಕಾ. ಎಪ್ಪತ್ತೊಂಬತ್ತರ ಮುದುಕಿ. ಬಲಗಾಲಿನ ಚಪ್ಪಲಿ ಕಳಚಿ ಮಗಳ ಕೈಗೆ ಕೊಟ್ಟಳು. ಕಪ್ಪು ಲಂಗವನ್ನು ಒಂದು ಗೇಣು ಎತ್ತಿ ಹಿಡಿದುಕೊಂಡಳು. "ಅವನು ಹೊಡೆದದ್ದಕ್ಕಿಂತ ನೆಟ್ಟಗೆ ಹೊಡೀತೀನಿ. ನೋಡ್ಕೋ ಡೆಜೋ!"

ಚೆಂಡು ಹೊರಟಿತು. ಓಡಲಿಲ್ಲ, ಹುಲ್ಲಿನ ಮೇಲೆ ಉರುಳುತ್ತ ಬಂತು. ದೂರದ ಕಂಬದ ಕಡೆಗೇ ಬರುತ್ತಿತ್ತು, ಒಳಗೋ ಹೊರಗೋ ಹೇಳುವ ಹಾಗಿರಲಿಲ್ಲ. ಗೆಲ್ಲೆರ್ತ್ ಗೆರೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಪೆನ್ನು ಹಿಡಿದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಚೆಂಡು ಡೆಜೋನ ಮುಂದೆ ಬಂತು. ಬಲಗಾಲನ್ನು ಒಂದಿಷ್ಟು ಮುಂದಿಟ್ಟಿದ್ದರೆ ಸಾಕಿತ್ತು, ಗೋಲು ಅವನದಾಗುವುದನ್ನು ಊರೆಲ್ಲ ನೋಡುತ್ತಿತ್ತು.

ಡೆಜೋ ಒಂದು ಕೈಯಲ್ಲಿ ಟೋಬಿಯಾಶನ ಹೆಗಲು ಹಿಡಿದು, ಇನ್ನೊಂದು ಕೈಯಿಂದ ಪ್ಯಾಂಟನ್ನು ಮೇಲಕ್ಕೆಳೆದುಕೊಂಡು, ಆ ನೋಯುವ ಮೊಣಕಾಲನ್ನು ಎದೆಯ ಮಟ್ಟಕ್ಕೆ ಎತ್ತಿದ. ಚೆಂಡು ಅವನ ಕಾಲ ಕೆಳಗೆ ಹಾದು, ಕಂಬದ ಬುಡವನ್ನು ಒಳಗಿನಿಂದ ತಟ್ಟಿ, ಗೋಲಿನ ಸುಣ್ಣದ ಗೆರೆಯನ್ನು ದಾಟುವವರೆಗೂ ಅವನು ಗದ್ದೆಯ ಕೊಕ್ಕರೆಯ ಹಾಗೆ ಒಂಟಿಕಾಲಿನಲ್ಲಿ ನಿಂತೇ ಇದ್ದ.